ನುಗ್ಗೆ ಬೀಜಕ್ಕೆ ಎಷ್ಟು ರೆಕ್ಕೆ? ಹಾರುವ ಬೀಜಗಳನ್ನು ಗುರುತಿಸಿ, ಹತ್ತಿರದಿಂದ ಫೋಟೋ ತೆಗೆಯುವ ಬಗೆ

ಹಿತ್ತಲಿನಿಂದಲೇ ಶುರು ಮಾಡೋಣ. ನುಗ್ಗೆ ಮರದ ತುದಿಯಲ್ಲಿ ದೋಟಿಗೆ ಎಟುಕದ ಒಂದೆರಡು ಕಾಯಿ ಯಾವಾಗಲೂ ಉಳಿದಿರುತ್ತವೆ. ಬಲಿತು, ಕಂದು ಬಣ್ಣಕ್ಕೆ ತಿರುಗಿ, ಒಣಗಿ ಜೋತು ಬಿದ್ದಿರುತ್ತವೆ. ಅಂಥದ್ದೊಂದು ಕೆಳಗೆ ಬಿದ್ದಾಗ ಎತ್ತಿಕೊಂಡು ಎರಡೂ ಕೈಯಿಂದ ತಿರುಚಿ. ಉದ್ದಕ್ಕೆ ಮೂರು ಸೀಳಾಗಿ ಬಿಚ್ಚಿಕೊಳ್ಳುತ್ತದೆ. ಒಳಗೆ ಬೆಂಡಿನಂಥ ಬಿಳಿ ತಿರುಳು, ಅದರ ಗುಳಿಗಳಲ್ಲಿ ಸಾಲಾಗಿ ಕೂತ ಬೀಜಗಳು. ಒಂದನ್ನು ಎಬ್ಬಿಸಿ ಅಂಗೈ ಮೇಲೆ ಇಟ್ಟು ನೋಡಿ. ನಡುವೆ ಕಡಲೆ ಗಾತ್ರದ ಕಂದು ಗುಂಡು, ಅದರ ಮೂರು ಕಡೆ ಬೆಳ್ಳುಳ್ಳಿ ಸಿಪ್ಪೆಯಷ್ಟು ತೆಳುವಾದ ಮೂರು ರೆಕ್ಕೆ. ವರ್ಷಗಟ್ಟಲೆ ನುಗ್ಗೆಕಾಯಿ ಸಾರು ತಿಂದವರಿಗೂ ಇದು ಹೊಸದಾಗಿ ಕಾಣುತ್ತದೆ, ಯಾಕೆಂದರೆ ಎಳೆ ಕಾಯಿಯಲ್ಲಿ ಈ ರೆಕ್ಕೆ ಇನ್ನೂ ಮೆತ್ತಗಿರುತ್ತದೆ, ನಾವು ಅಗಿದು ಉಗಿದುಬಿಡುತ್ತೇವೆ.

ನಾನು ಮೊದಲ ಸಲ ತೆಗೆದ ಹಾರುವ ಬೀಜದ ಫೋಟೋ ಇದೇ. ಅಡುಗೆಮನೆಯ ಬಿಳಿ ಟೈಲ್ಸ್ ಮೇಲೆ ಇಟ್ಟು, ಮೇಲಿನಿಂದ ಫೋನಿನ ಫ್ಲ್ಯಾಶ್ ಹಾಕಿ ಕ್ಲಿಕ್ ಮಾಡಿದೆ. ಫೋಟೋದಲ್ಲಿ ಬಂದದ್ದು ಒಂದು ಕಡಲೆಕಾಳು. ರೆಕ್ಕೆ ಮಾಯ! ಬಿಳಿ ಮೇಲೆ ಬಿಳಿ, ಅದರ ಮೇಲೆ ಇನ್ನಷ್ಟು ಬೆಳಕು ಸುರಿದರೆ ಇನ್ನೇನಾಗುತ್ತದೆ ಹೇಳಿ. "ಕಸ ಗುಡಿಸೋದು ಬಿಟ್ಟು ಅದರ ಫೋಟೋ ತೆಗೀತಿದ್ದೀಯಲ್ಲೋ" ಅಂತ ಅಮ್ಮ ಅಂದದ್ದು ಬೇರೆ.

ಈ ಕೆಲಸದ ತೊಂದರೆ ಪೂರ್ತಿ ಅಲ್ಲೇ ಇದೆ. ಮರ ಯಾವುದು ಅಂತ ಹೇಳುವುದು ರೆಕ್ಕೆ. ಕ್ಯಾಮೆರಾ ಕಳೆದುಹಾಕುವುದೂ ಅದೇ ರೆಕ್ಕೆಯನ್ನು. ಹಾಗಾಗಿ ಚೆಂದದ ಫೋಟೋ ಆಮೇಲೆ ನೋಡಿಕೊಳ್ಳೋಣ, ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡುವ ಫೋಟೋ ಬೇಕು: ರೆಕ್ಕೆಯಲ್ಲಿ ಬೀಜ ಎಲ್ಲಿ ಕೂತಿದೆ?

ಮೊದಲು, ಅದು ರೆಕ್ಕೆಯೇ ಹೌದಾ

ಗಾಳಿಯಲ್ಲಿ ತೇಲಿ ಬರುವುದೆಲ್ಲ ರೆಕ್ಕೆಯಲ್ಲ. ಬೂರುಗದ್ದು ಹತ್ತಿ, ಎಕ್ಕದ್ದು ರೇಷ್ಮೆಯಂಥ ಕೂದಲಿನ ಕುಚ್ಚು. ಅವುಗಳ ಫೋಟೋ ತೆಗೆಯುವ ಪಟ್ಟೇ ಬೇರೆ, ಇಲ್ಲಿ ಬೇಡ. ರೆಕ್ಕೆ ಅಂದರೆ ಒಂದು ಹಾಳೆ. ಕಾಗದದ ಹಾಗೆ, ಪ್ಲಾಸ್ಟಿಕ್ ಹಾಳೆಯ ಹಾಗೆ, ಕೆಲವೊಮ್ಮೆ ಒಣ ಎಲೆಯ ಹಾಗೆ.

ಇನ್ನೊಂದು ಗೊಂದಲ ಇದೆ. ಕೈಯಲ್ಲಿ ಇರುವುದು ಬೀಜವೋ ಇಡೀ ಕಾಯಿಯೋ? ಜಕರಂಡಾದಲ್ಲಿ ಕಾಯಿ ಮರದಲ್ಲೇ ಬಿರಿದು ಒಳಗಿನ ಬೀಜ ಮಾತ್ರ ಹಾರಿ ಬರುತ್ತದೆ. ತಪಸಿ ಮರದಲ್ಲಿ ಹಾಗಲ್ಲ, ಕಾಯಿಯೇ ರೆಕ್ಕೆಯಾಗಿ ಇಡಿಯಾಗಿ ಹಾರುತ್ತದೆ, ಬೀಜ ನಡುವೆ ಮುಚ್ಚಿಕೊಂಡಿರುತ್ತದೆ. ಹೊನ್ನೆಯದೂ ಹಾಗೆ. ಗೊತ್ತು ಮಾಡುವುದು ಸುಲಭ. ಉಗುರಿನಿಂದ ನಡುವಿನ ಉಬ್ಬನ್ನು ಸ್ವಲ್ಪ ಕೆರೆಯಿರಿ. ಸಿಪ್ಪೆ ಹರಿದು ಒಳಗಿಂದ ಬೇರೊಂದು ಬೀಜ ಹೊರಗೆ ಬಂದರೆ ಅದು ಕಾಯಿ. ಎರಡನ್ನೂ ನಾನು ಇಲ್ಲಿ ಬೀಜ ಅಂತಲೇ ಕರೆಯುತ್ತೇನೆ, ಸಸ್ಯಶಾಸ್ತ್ರ ಓದಿದವರು ಕ್ಷಮಿಸಬೇಕು.

ಬೀಜ ಎಲ್ಲಿ ಕೂತಿದೆ

ಒಂದು ತುದಿಯಲ್ಲಿ ಬೀಜ, ಇನ್ನೊಂದು ತುದಿಗೆ ಉದ್ದ ರೆಕ್ಕೆ: ಇದು ಮೊದಲ ಗುಂಪು. ಮಹಾಗನಿ ಇದರಲ್ಲಿ ದೊಡ್ಡಣ್ಣ. ಬೆಂಗಳೂರಿನ ಹಳೇ ರಸ್ತೆಗಳಲ್ಲಿ ಬೇಸಿಗೆ ಶುರುವಾಗುವಾಗ ಕಂದು ಬಣ್ಣದ ಉದ್ದನೆ ಚಮಚದಂಥ ಬೀಜಗಳು ಗಿರಗಿರ ತಿರುಗುತ್ತಾ ಇಳಿಯುತ್ತವಲ್ಲ, ಅದೇ. ಮರದ ಹಾಗೆ ಗಟ್ಟಿಯಾದ ಕಾಯಿ ಬುಡದ ಕಡೆಯಿಂದ ಐದು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ನೆಲದಲ್ಲಿ ಆ ದಪ್ಪ ಹೋಳುಗಳು ಕಂಡರೆ ಮೇಲೆ ನೋಡಿ, ಮರ ಅಲ್ಲೇ ಇದೆ. ಇದೇ ಗುಂಪಿನ ಚಿಕ್ಕವರು ಹೊಳೆದಾಸವಾಳ ಮತ್ತು ಮಲೆನಾಡಿನ ನಂದಿ. ಒಂದು, ಒಂದೂವರೆ ಸೆಂಟಿಮೀಟರ್ ಉದ್ದ, ಅಷ್ಟೇ. ಎಲ್ಲಕ್ಕಿಂತ ಕಿರಿಯದು ಗಾಳಿಮರ. ಅದರ ಮುಳ್ಳುಮುಳ್ಳಾದ ಗುಂಡು ಕಾಯಿಯನ್ನು ಬಿಸಿಲಿನಲ್ಲಿ ಇಟ್ಟರೆ ಪುಟ್ಟ ಬಾಯಿಗಳು ತೆರೆದುಕೊಂಡು ಒಳಗಿಂದ ಆರೇಳು ಮಿಲಿಮೀಟರ್ ಉದ್ದದ ಬೀಜ ಉದುರುತ್ತವೆ. ಬರಿಗಣ್ಣಿಗೆ ಹೊಟ್ಟು. ಹತ್ತಿರದಿಂದ ನೋಡಿದರೆ ಗಾಜಿನಂಥ ರೆಕ್ಕೆ, ಅದರೊಳಗೆ ಉದ್ದಕ್ಕೆ ಓಡುವ ಕೂದಲೆಳೆಯಂಥ ನರ.

ಎರಡನೆಯದು, ನಡುವೆ ಬೀಜ, ಎಡಕ್ಕೊಂದು ಬಲಕ್ಕೊಂದು ರೆಕ್ಕೆ. ಟಬೆಬುಯಾ. ಗುಲಾಬಿ ಬಣ್ಣದ ಹೂ ಬಿಡುವ ಈ ಮರದ ಉದ್ದನೆ ಕೋಲಿನಂಥ ಕಾಯಿ ಒಣಗಿ ಎರಡು ಹೋಳಾದಾಗ ಒಳಗೆ ಇಸ್ಪೀಟ್ ಎಲೆ ಜೋಡಿಸಿದ ಹಾಗೆ ಬೀಜಗಳು ಒಂದರ ಮೇಲೊಂದು ಕೂತಿರುತ್ತವೆ. ರೆಕ್ಕೆ ಸೇರಿ ಸುಮಾರು ಮೂರು ಸೆಂಟಿಮೀಟರ್. ಹೊಸಬರಿಗೆ ಇದಕ್ಕಿಂತ ಒಳ್ಳೆ ಬೀಜ ಸಿಗುವುದಿಲ್ಲ. ದೊಡ್ಡದು, ಬೆಳ್ಳಿಯಂತೆ ಹೊಳೆಯುತ್ತದೆ, ಬೀದಿ ತುಂಬ ಬಿದ್ದಿರುತ್ತದೆ.

ಮೂರನೆಯದರಲ್ಲಿ ಬೀಜದ ಸುತ್ತಲೂ ರೆಕ್ಕೆ. ಜಕರಂಡಾ, ನೀರುಕಾಯಿ ಮರ, ಸಿಲ್ವರ್ ಓಕ್, ತಪಸಿ, ಹೊನ್ನೆ ಎಲ್ಲ ಇಲ್ಲೇ. ತಲೆಕೆಡಿಸುವ ಗುಂಪು ಇದು. ಜಕರಂಡಾ ಮತ್ತು ನೀರುಕಾಯಿ ಬೀಜಗಳನ್ನು ಒಂದೇ ಡಬ್ಬಿಗೆ ಹಾಕಿ ಆಮೇಲೆ ಯಾವುದು ಯಾವುದು ಅಂತ ಪರದಾಡಿದವನು ನಾನು. (ಚಿಕ್ಕಂದಿನಲ್ಲಿ ಮೊಗ್ಗು ಹಿಂಡಿ ಒಬ್ಬರ ಮೇಲೊಬ್ಬರು ನೀರು ಚಿಮ್ಮಿಸುತ್ತಿದ್ದೆವಲ್ಲ, ಆ ಕಿತ್ತಳೆ ಹೂವಿನ ಮರವೇ ನೀರುಕಾಯಿ. ನಮ್ಮ ಬೀದಿಯಲ್ಲಿ ಅದಕ್ಕಿದ್ದ ಹೆಸರು ಉಚ್ಚೆಕಾಯಿ, ಅದು ಇಲ್ಲಿ ಬೇಡ ಬಿಡಿ.) ನೀರುಕಾಯಿಯ ರೆಕ್ಕೆ ಪೂರ್ತಿ ಪಾರದರ್ಶಕ, ಹೂಗುಚ್ಛಕ್ಕೆ ಸುತ್ತುವ ಸೆಲ್ಲೋಫೇನ್ ಕಾಗದದಂತೆ, ನಡುವೆ ಹೃದಯದ ಆಕಾರದ ಬೀಜ. ಜಕರಂಡಾದ್ದು ಅದಕ್ಕಿಂತ ಚಿಕ್ಕದು, ಒಂದು ಒಂದೂವರೆ ಸೆಂಟಿಮೀಟರ್ ಅಗಲ, ರೆಕ್ಕೆಗೆ ಸ್ವಲ್ಪ ಕಂದು ಛಾಯೆ ಇರುತ್ತದೆ. ಕಾಯಿ ಸಿಕ್ಕರಂತೂ ಅನುಮಾನವೇ ಇಲ್ಲ. ಜಕರಂಡಾದ್ದು ಚಪ್ಪಟೆ ಬಿಲ್ಲೆ, ನೀರುಕಾಯಿಯದ್ದು ದೋಣಿ. ತಪಸಿಗೆ ಬೇರೆ ಗುರುತು ಬೇಕಾಗಿಲ್ಲ, ಗುಂಡನೆಯ ಕಾಗದದ ಬಿಲ್ಲೆಯ ತುದಿಯಲ್ಲಿ ಒಂದು ಸಣ್ಣ ಕಚ್ಚು, ಅದರ ಎರಡೂ ಕಡೆ ಪುಟ್ಟ ಕೊಂಬಿನಂಥ ಚೂಪು. ಆ ಕಚ್ಚಿನ ಮೇಲೆ ಫೋಕಸ್ ಇಡಿ, ಸಾಕು.

ಮೂರು ರೆಕ್ಕೆ ಇದ್ದರೆ ನುಗ್ಗೆ, ಹೇಳಿಯಾಯಿತು.

ಐದು ರೆಕ್ಕೆ ಇದ್ದರೆ ಮತ್ತಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಫೋಟೋ ನಿಜವಾಗಿ ಕೆಲಸಕ್ಕೆ ಬರುವ ಜಾಗ ಇದು. ಹೊಳೆದಂಡೆಯ ಹೊಳೆಮತ್ತಿ, ಕಾಡಿನ ಕರಿಮತ್ತಿ, ಎರಡರ ಕಾಯಿಗೂ ಐದೈದು ಏಣು. ಕೈಯಲ್ಲಿ ಹಿಡಿದರೆ ಕತ್ತರಿಸಿದ ಕಮ್ರಾಕ್ಷಿ ಹಣ್ಣಿನ ನೆನಪಾಗುತ್ತದೆ. ಮರ ಎದುರಿಗೆ ಇದ್ದರೆ ತೊಗಟೆ ನೋಡಿದರೆ ಮುಗಿಯಿತು: ಹೊಳೆಮತ್ತಿಯದು ನುಣ್ಣಗೆ, ಬೂದಿ ಬಿಳುಪು, ಕರಿಮತ್ತಿಯದು ಕಪ್ಪಗೆ, ಮೊಸಳೆ ಬೆನ್ನಿನಂತೆ ಬಿರಿದದ್ದು. ಆದರೆ ಯಾರೋ ಕಾಯಿ ಮಾತ್ರ ತಂದು ಕೊಟ್ಟು ಇದೇನು ಅಂದರೆ? ಆಗ ರೆಕ್ಕೆಯ ಮೇಲಿನ ಗೆರೆ ನೋಡಬೇಕು. ಹೊಳೆಮತ್ತಿಯ ಕಿರಿದಾದ ರೆಕ್ಕೆಯಲ್ಲಿ ಗೆರೆಗಳು ಮೇಲ್ಮುಖವಾಗಿ ಬಾಗಿಕೊಂಡು ಹೋಗುತ್ತವೆ. ಕರಿಮತ್ತಿಯ ಅಗಲ ರೆಕ್ಕೆಯಲ್ಲಿ ಗೆರೆಗಳು ನೆಟ್ಟಗೆ ಅಡ್ಡಕ್ಕೆ ಹೊರಟು ಅಂಚು ಮುಟ್ಟುತ್ತವೆ. ಬರಿಗಣ್ಣಿಗೆ ಇದು ಅಷ್ಟಾಗಿ ಕಾಣುವುದಿಲ್ಲ. ಪಕ್ಕದಿಂದ, ತೀರಾ ತಗ್ಗಿನಿಂದ ಒಂದು ಟಾರ್ಚ್ ಹಾಯಿಸಿ, ಸಂಜೆ ಬಿಸಿಲಿಗೆ ಹೊಲದ ಉಳುಮೆ ಸಾಲು ಎದ್ದು ಕಾಣುವ ಹಾಗೆ ಒಂದೊಂದು ಗೆರೆಯೂ ಎದ್ದು ನಿಲ್ಲುತ್ತದೆ. ಇವರ ಸೋದರ ಕಿಂದಲದ್ದು ಇನ್ನೊಂದು ರೀತಿ, ಒಂದು ರೆಕ್ಕೆ ದೊಡ್ಡದು, ಎರಡು ಕುಗ್ಗಿದ್ದು.

ಕೊನೆಯದು ಪಶ್ಚಿಮಘಟ್ಟದ ಧೂಮ, ಬೋಗಿ ಮರಗಳ ಗುಂಪು. ಇಲ್ಲಿ ರೆಕ್ಕೆ ಬೀಜದ್ದೂ ಅಲ್ಲ, ಕಾಯಿಯದ್ದೂ ಅಲ್ಲ. ಹೂವಿನ ಹೊರಗಿನ ಹಸಿರು ಎಸಳುಗಳು ಇರುತ್ತವಲ್ಲ, ಅವುಗಳಲ್ಲಿ ಎರಡು ಉದ್ದಕ್ಕೆ ಬೆಳೆದು ಮೊಲದ ಕಿವಿಯ ಹಾಗೆ ನಿಂತಿರುತ್ತವೆ. ಧೂಮದ ಸಸ್ಯಶಾಸ್ತ್ರದ ಹೆಸರು ಡಿಪ್ಟೆರೋಕಾರ್ಪಸ್, ಗ್ರೀಕ್‌ನಲ್ಲಿ ಅದರ ಅರ್ಥವೇ ಎರಡು ರೆಕ್ಕೆಯ ಕಾಯಿ. ಬಯಲುಸೀಮೆಯ ಜಾಲಾರಿಯಲ್ಲಿ ಮೂರು ಎಸಳು ದೊಡ್ಡದಾಗಿ ಎರಡು ಗಿಡ್ಡ ಉಳಿಯುತ್ತವೆ. ಹಾಗಾಗಿ ಉದ್ದ ಕಿವಿ ಎಷ್ಟು ಅಂತ ಎಣಿಸಿ.

ಎತ್ತಿ ತರುವುದು

ಹಾರುವ ಬೀಜಕ್ಕೆ ಒಣ ಗಾಳಿ ಬೇಕು, ಅಡ್ಡಿ ಮಾಡುವ ಎಲೆ ಇರಬಾರದು. ಅದಕ್ಕೇ ಬಹುಪಾಲು ಮರಗಳು ಜನವರಿಯಿಂದ ಮೇವರೆಗೆ, ಎಲೆ ಉದುರಿದ ಕಾಲದಲ್ಲಿ ಬೀಜ ಬಿಡುತ್ತವೆ. ಬೋಗಿಯಂಥವು ಮಾತ್ರ ಮಳೆ ಶುರುವಾಗುವ ಹೊತ್ತಿಗೆ ಉದುರಿಸುತ್ತವೆ, ಅವುಗಳ ಬೀಜ ಒಣಗಿದರೆ ಸತ್ತುಹೋಗುತ್ತದೆ. ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಊರಿನ ಮರಗಳನ್ನು ಆರಿಸಿದರು. ಹೂವು ಸರದಿಯಲ್ಲಿ ಬಂದರೆ ಬೀಜವೂ ಸರದಿಯಲ್ಲೇ ತಾನೇ.

ಬೆಳಿಗ್ಗೆ ಗುಡಿಸುವವರು ಬರುವ ಮುಂಚೆ ಹೋಗಿ. ಕಾಗದದ ಕವರ್ ಒಯ್ಯಿರಿ, ಪ್ಲಾಸ್ಟಿಕ್ ಬೇಡ. ಒಂದು ಜುಲೈನಲ್ಲಿ ನಾನು ನಲವತ್ತು ಬೀಜಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಊರಿಗೆ ಹೋಗಿ ಬಂದೆ, ವಾರ ಕಳೆದು ಮುಚ್ಚಳ ತೆಗೆದರೆ ಪೂರ್ತಿ ಬೂಷ್ಟು. ಪ್ರತಿ ಕವರ್ ಮೇಲೆ ಪೆನ್ಸಿಲ್‌ನಲ್ಲಿ ದಿನ, ಜಾಗ, ಮರದ ಗುರುತು ಬರೆಯಿರಿ. ಅಲ್ಲೇ ನಿಂತು ಮರದ್ದು, ಎಲೆಯದ್ದು, ತೊಗಟೆಯದ್ದು, ಬಿರಿದ ಕಾಯಿಯದ್ದು ಒಂದೊಂದು ಫೋಟೋ ಫೋನಿನಲ್ಲೇ ತೆಗೆದುಕೊಳ್ಳಿ. ಮನೆಗೆ ಬಂದು ತೆಗೆದ ಬೀಜದ ಫೋಟೋ ಎಷ್ಟೇ ಚೆನ್ನಾಗಿರಲಿ, ಇವಿಲ್ಲದಿದ್ದರೆ ಅರ್ಧ ಸಾಕ್ಷಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಮಾತ್ರ ಒಂದು ಬೀಜವನ್ನೂ ಎತ್ತಿ ತರಬೇಡಿ, ಕಾನೂನು ಒಪ್ಪುವುದಿಲ್ಲ. ಅಲ್ಲೇ ಕಲ್ಲಿನ ಮೇಲೆ ಇಟ್ಟು ತೆಗೆದು ಅಲ್ಲೇ ಬಿಟ್ಟು ಬನ್ನಿ.

ಇನ್ನೂ ಬಿರಿಯದ ಕಾಯಿ ಸಿಕ್ಕರೆ ಒಡೆಯಲು ಹೋಗಬೇಡಿ, ರೆಕ್ಕೆ ಹರಿಯುತ್ತದೆ. ಕಾಗದದ ಕವರ್‌ನಲ್ಲಿ ಹಾಕಿ ಬಿಸಿಲಿನಲ್ಲಿ ಒಂದೆರಡು ದಿನ ಇಡಿ, ತಾನಾಗಿ ಬಿಚ್ಚಿಕೊಳ್ಳುತ್ತದೆ. ತೆರೆದ ತಟ್ಟೆಯಲ್ಲಿ ಇಟ್ಟರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಹಾರುವುದೇ ಅವುಗಳ ಕೆಲಸ.

ಸಾಮಾನು

ಮನೆಯಲ್ಲಿರುವ ಫೋನಿನಿಂದಲೇ ಶುರು ಮಾಡಿ. ಒಂದು ಮಾತು ನೇರವಾಗಿ ಹೇಳುತ್ತೇನೆ: ಕಡಿಮೆ ಬೆಲೆಯ ಫೋನುಗಳಲ್ಲಿ ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆಯುವುದಕ್ಕೆ) ಅಂತ ಕೊಡುವ 2 ಮೆಗಾಪಿಕ್ಸೆಲ್ ಕ್ಯಾಮೆರಾ ಲೆಕ್ಕಕ್ಕೆ ಮಾತ್ರ. ಅದಕ್ಕಿಂತ ಮುಖ್ಯ ಕ್ಯಾಮೆರಾದಲ್ಲೇ 2 ಎಕ್ಸ್ ಜೂಮ್ ಇಟ್ಟು, ಫೋಕಸ್ ಸಿಗುವಷ್ಟು ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಳ್ಳುವುದು ವಾಸಿ. ಟಬೆಬುಯಾ, ನುಗ್ಗೆ, ತಪಸಿಗೆಲ್ಲ ಇಷ್ಟು ಸಾಕು.

ಗಾಳಿಮರದ ಬೀಜಕ್ಕೆ ಸಾಲದು. ಅದಕ್ಕೆ ಫೋನಿಗೆ ಕ್ಲಿಪ್ ಮಾಡುವ ಮ್ಯಾಕ್ರೋ ಲೆನ್ಸ್ ಬರುತ್ತದೆ, ಅಥವಾ ಅಕ್ಕಸಾಲಿಗರು, ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವ 10 ಎಕ್ಸ್ ಭೂತಗನ್ನಡಿ. ಅದನ್ನು ರಬ್ಬರ್ ಬ್ಯಾಂಡ್‌ನಿಂದ ಫೋನಿನ ಲೆನ್ಸ್ ಮುಂದೆ ಕಟ್ಟಿಬಿಟ್ಟರೆ ಆಯಿತು. 10 ಎಕ್ಸ್ ಗಾಜಿಗೆ ಬೀಜ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಇರಬೇಕು. ಫೋಟೋದ ಅಂಚು ಸ್ವಲ್ಪ ಕಲಸಿದ ಹಾಗೆ ಬರುತ್ತದೆ, ಹಾಗಾಗಿ ಬೀಜ ನಡುವೆ ಇರಲಿ.

ದೊಡ್ಡ ಕ್ಯಾಮೆರಾ ಇರುವವರು ಮ್ಯಾಕ್ರೋ ಲೆನ್ಸ್ ಇಲ್ಲ ಅಂತ ಕೊರಗಬೇಡಿ. ಹಳೇ 50 ಮಿಲಿಮೀಟರ್ ಲೆನ್ಸನ್ನು ಹಿಂದುಮುಂದಾಗಿ ಕೂರಿಸುವ ಒಂದು ಉಂಗುರ ಸಿಗುತ್ತದೆ, ಅಥವಾ ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಹಾಕುವ ಖಾಲಿ ಟ್ಯೂಬುಗಳು. ಎರಡೂ ಮ್ಯಾಕ್ರೋ ಲೆನ್ಸ್ ಬೆಲೆಯ ಮುಂದೆ ಏನೂ ಅಲ್ಲ.

ಫೋನ್ ಕೈಯಲ್ಲಿ ಹಿಡಿಯಬೇಡಿ. ಎರಡು ಕಡೆ ಸಮನಾಗಿ ಪುಸ್ತಕ ಪೇರಿಸಿ, ನಡುವೆ ಸಂದು ಬಿಟ್ಟು, ಫೋನನ್ನು ಸೇತುವೆಯ ಹಾಗೆ ಅಡ್ಡ ಮಲಗಿಸಿ. ಎತ್ತರ ಬೇಕಾದರೆ ಇನ್ನೊಂದು ಪುಸ್ತಕ, ಇಳಿಸಬೇಕಾದರೆ ಒಂದು ತೆಗೆಯಿರಿ. ಎರಡು ಸೆಕೆಂಡಿನ ಟೈಮರ್ ಹಾಕಿ, ಬೆರಳು ತಾಗಿದ ಅಲುಗಾಟ ಅಷ್ಟರಲ್ಲಿ ನಿಲ್ಲುತ್ತದೆ. ಫ್ಯಾನ್ ಆಫ್! ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕಿತ್ತು. ಫ್ಯಾನ್ ಮರೆತರೂ ನಿಮ್ಮ ಉಸಿರು ಸಾಕು, ಬಾಗಿ ನೋಡುವಾಗ ಒಂದು ನಿಟ್ಟುಸಿರು ಬಿಟ್ಟರೆ ಬೀಜ ಸೋಫಾ ಕೆಳಗೆ.

ಬೀಜ ಹಿಡಿದು ನಿಲ್ಲಿಸಲು ಗುಂಡುಸೂಜಿ ಮತ್ತು ಚೂರು ಬ್ಲೂ ಟ್ಯಾಕ್ (ಗೋಡೆಗೆ ಕಾಗದ ಅಂಟಿಸುವ ಮೆತ್ತನೆಯ ಅಂಟು), ಇಲ್ಲದಿದ್ದರೆ ನಾದಿದ ಚಪಾತಿ ಹಿಟ್ಟು. ಸೂಜಿಯನ್ನು ಬೀಜಕ್ಕೆ ಚುಚ್ಚುವುದಲ್ಲ, ಸೂಜಿಯ ತಲೆಗೆ ಸಾಸಿವೆಯಷ್ಟು ಅಂಟು ಹಚ್ಚಿ ಬೀಜದ ಹಿಂಭಾಗಕ್ಕೆ ಒತ್ತುವುದು. ರೆಕ್ಕೆಗೆ ಮುಟ್ಟಿಸಬೇಡಿ, ಗುರುತು ಉಳಿಯುತ್ತದೆ. ಧೂಳು ತೆಗೆಯಲು ಮೆತ್ತನೆಯ ಪೇಂಟ್ ಬ್ರಷ್ ಬಳಸಿ, ನೀರು ಬೇಡವೇ ಬೇಡ, ರೆಕ್ಕೆ ಮುದುರಿಕೊಂಡರೆ ಮತ್ತೆ ಮೊದಲಿನ ಹಾಗೆ ಬಿಚ್ಚಿಕೊಳ್ಳುವ ಭರವಸೆ ಇಲ್ಲ. ಮೊದಲೇ ಮುದುರಿದ್ದರೆ ದಪ್ಪ ಪುಸ್ತಕದ ನಡುವೆ ಒಂದು ರಾತ್ರಿ ಇಡಬಹುದು, ಆದರೆ ಟಬೆಬುಯಾ ರೆಕ್ಕೆಯ ಸಹಜ ಬಾಗು ಹೀಗೆ ಮಾಡಿದರೆ ಹೋಗಿಬಿಡುತ್ತದೆ. ಚಪ್ಪಟೆ ಮಾಡುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಬೆಳಕು, ಇದೇ ಎಲ್ಲ

ನುಗ್ಗೆ ಬೀಜಕ್ಕೆ ವಾಪಸ್ ಬರೋಣ. ಅದೇ ಬೀಜ, ಅದೇ ಫೋನ್. ಈ ಸಲ ಬೀಜವನ್ನು ಸೂಜಿಯ ಮೇಲೆ ನಿಲ್ಲಿಸಿ ಕಿಟಕಿಯ ಎದುರು ಇಟ್ಟೆ, ಕಿಟಕಿ ಗಾಜಿಗೆ ಒಂದು ಟ್ರೇಸಿಂಗ್ ಪೇಪರ್ ಅಂಟಿಸಿದೆ, ಬೆಳಕು ಹಿಂದಿನಿಂದ ಬರುವ ಹಾಗೆ. ರೆಕ್ಕೆ ಒಮ್ಮೆಲೇ ದೀಪ ಹಚ್ಚಿದಂತೆ ಎದ್ದು ನಿಂತಿತು. ಅಂಚಿನ ಹರಕು, ನಾರಿನ ಗೆರೆ, ರೆಕ್ಕೆ ಬೀಜಕ್ಕೆ ಸೇರುವ ಕಡೆಯ ಕಂದು ನೆರಳು, ಎಲ್ಲ. ಮೊಟ್ಟೆಯನ್ನು ದೀಪಕ್ಕೆ ಹಿಡಿದು ಒಳಗೆ ನೋಡುವುದಿಲ್ಲವೇ, ಅದೇ ಉಪಾಯ.

ಇದರಿಂದ ಇನ್ನೊಂದು ಲಾಭ. ಕಾಗದದಂಥ ತೆಳು ಕಾಯಿ, ಬೀಜಗಳಲ್ಲಿ ಬೆಳಕು ತೂರಿ ಬಂದಾಗ ಒಳಗೆ ತಿರುಳು ಇದೆಯೋ ಜೊಳ್ಳೋ ಗೊತ್ತಾಗುತ್ತದೆ. ತಪಸಿಯಲ್ಲಿ ನೋಡಿ, ತುಂಬಿದ ಬೀಜ ನಡುವೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ, ಜೊಳ್ಳು ಇದ್ದರೆ ಇಡೀ ಬಿಲ್ಲೆ ಒಂದೇ ಬಣ್ಣ. ಮೊರದಲ್ಲಿ ಕೇರುವವರು ಗಾಳಿಯಿಂದ ಮಾಡುವ ಕೆಲಸವನ್ನು ಇಲ್ಲಿ ಬೆಳಕು ಮಾಡಿಕೊಡುತ್ತದೆ.

ಕಿಟಕಿ ಇಲ್ಲದಿದ್ದರೆ ಟ್ಯಾಬ್ಲೆಟ್ ಅಥವಾ ಇನ್ನೊಂದು ಫೋನಿನಲ್ಲಿ ಪೂರ್ತಿ ಬಿಳಿ ಪರದೆ ತೆರೆದು ಬೆಳಕಿನ ಪೆಟ್ಟಿಗೆ ಮಾಡಿಕೊಳ್ಳಿ. ಬೀಜವನ್ನು ನೇರ ಪರದೆ ಮೇಲೆ ಇಟ್ಟರೆ ಹಿಂದೆ ಸೊಳ್ಳೆಪರದೆಯಂತೆ ಚುಕ್ಕಿಚುಕ್ಕಿ ಬರುತ್ತದೆ, ಅವು ಪರದೆಯ ಪಿಕ್ಸೆಲ್‌ಗಳು. ನಾಲ್ಕು ಬಟ್ಟಲು ಇಟ್ಟು, ಅದರ ಮೇಲೆ ಫೋಟೋ ಫ್ರೇಮಿನ ಗಾಜು ಇಟ್ಟು, ಗಾಜಿನ ಮೇಲೆ ಬೀಜ ಇಡಿ. ಪರದೆ ನಾಲ್ಕೈದು ಸೆಂಟಿಮೀಟರ್ ಕೆಳಗೆ ಹೋದರೆ ಚುಕ್ಕಿ ಮಸುಕಾಗಿ ಹೋಗುತ್ತದೆ.

ಬಿಳಿ ಹಿನ್ನೆಲೆಯನ್ನು ಕಂಡರೆ ಕ್ಯಾಮೆರಾ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಫೋಟೋವನ್ನು ಬೂದಿ ಬಣ್ಣ ಮಾಡುತ್ತದೆ. ಎಕ್ಸ್‌ಪೋಶರ್ ಅನ್ನು, ಅಂದರೆ ಫೋಟೋಗೆ ಸಿಗುವ ಬೆಳಕನ್ನು, ಒಂದು ಅಥವಾ ಒಂದೂವರೆ ಸ್ಟಾಪ್ ಏರಿಸಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಫೋನಿನಲ್ಲಾದರೆ ಬೀಜದ ಮೇಲೆ ಒತ್ತಿ ಹಿಡಿದು ಪಕ್ಕದ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಕಪ್ಪು ಹಿನ್ನೆಲೆಗೆ ಇದರ ಉಲ್ಟಾ, ಇಳಿಸಬೇಕು.

ಕಪ್ಪು ಅಂದೆನಲ್ಲ, ನೀರುಕಾಯಿ ಬೀಜಕ್ಕೆ ಅದೇ ಸರಿ. ಅದರ ರೆಕ್ಕೆ ಎಷ್ಟು ಪಾರದರ್ಶಕ ಅಂದರೆ ಹಿಂದಿನ ಬೆಳಕು ನೇರ ತೂರಿ ಹೋಗಿ ಮತ್ತೆ ಏನೂ ಕಾಣುವುದಿಲ್ಲ. ಕಪ್ಪು ವೆಲ್ವೆಟ್ ಚೂರೊಂದನ್ನು ಒಂದಡಿ ಹಿಂದೆ ತೂಗುಹಾಕಿ, ಟೇಬಲ್ ಲ್ಯಾಂಪನ್ನು ಬೀಜದ ಹಿಂದೆ ಪಕ್ಕಕ್ಕೆ ಇಟ್ಟು, ಲ್ಯಾಂಪಿನ ಬೆಳಕು ಕ್ಯಾಮೆರಾಗೆ ನೇರ ಬೀಳದಂತೆ ರಟ್ಟು ಅಡ್ಡ ಹಿಡಿಯಿರಿ. ಕತ್ತಲೆ ಕೋಣೆಗೆ ಬಿಸಿಲುಕೋಲು ಬಿದ್ದಾಗ ಧೂಳಿನ ಕಣ ಹೊಳೆಯುವಂತೆ ರೆಕ್ಕೆಯ ಸುಕ್ಕು, ಅಂಚು ಎಲ್ಲ ಹೊಳೆಯುತ್ತದೆ. ಧೂಳೂ ಹೊಳೆಯುತ್ತದೆ ಅನ್ನಿ, ಅದಕ್ಕೇ ಬ್ರಷ್ ಹೇಳಿದ್ದು.

ಫೋಕಸ್ ಯಾಕೆ ಸಿಗುವುದಿಲ್ಲ

ಬೀಜದ ನಿಜವಾದ ಗಾತ್ರವೇ ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ) ಮೇಲೂ ಬೀಳುವಷ್ಟು ಹತ್ತಿರ ಹೋದರೆ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಎಫ್ 8 ಇಟ್ಟರೂ ಸ್ಪಷ್ಟವಾಗಿ ಬರುವುದು ಒಂದು ಮಿಲಿಮೀಟರ್‌ನೊಳಗಿನ ಪದರ ಮಾತ್ರ. ಬಾಗಿದ ಟಬೆಬುಯಾ ಬೀಜವನ್ನು ಮೇಜಿನ ಮೇಲೆ ಇಟ್ಟರೆ ರೆಕ್ಕೆಯ ತುದಿ ನಾಲ್ಕೈದು ಮಿಲಿಮೀಟರ್ ಎತ್ತರದಲ್ಲಿ ಇರುತ್ತದೆ. ಬೀಜಕ್ಕೆ ಫೋಕಸ್ ಕೊಟ್ಟರೆ ತುದಿ ಮಂಜು, ತುದಿಗೆ ಕೊಟ್ಟರೆ ಬೀಜ ಮಂಜು. ಎಫ್ 22 ಇಟ್ಟುಬಿಟ್ಟರಾಯಿತು ಅಂತ ಅನ್ನಿಸುತ್ತದೆ. ನಾನೂ ಅದನ್ನೇ ಮಾಡಿದೆ. ಇಷ್ಟು ಹತ್ತಿರದಲ್ಲಿ ಎಫ್ 11 ಕೂಡ ಎಫ್ 22ರ ಹಾಗೆ ವರ್ತಿಸುತ್ತದೆ, ಇನ್ನೂ ಮುಚ್ಚಿದರೆ ಬೆಳಕು ಕಿಂಡಿಯ ಅಂಚಿನಲ್ಲಿ ಹರಡಿಕೊಂಡು ಇಡೀ ಫೋಟೋ ಮೆತ್ತಗಾಗುತ್ತದೆ. ಎಫ್ 8ರ ಆಸುಪಾಸಿನಲ್ಲೇ ಇರಿ.

ದಾರಿ ಎರಡು. ಸುಲಭದ್ದು, ಬೀಜವನ್ನು ಕ್ಯಾಮೆರಾಗೆ ಸಮಾನಾಂತರವಾಗಿ ಇಡುವುದು. ಜಕರಂಡಾ, ತಪಸಿಯಂಥ ಚಪ್ಪಟೆ ಬೀಜಕ್ಕೆ ಇಷ್ಟೇ ಸಾಕು. ಇನ್ನೊಂದು, ಹಲವು ಫೋಟೋ ತೆಗೆದು ಒಂದರ ಮೇಲೊಂದು ಪೇರಿಸುವುದು, ಅಂದರೆ ಸ್ಟ್ಯಾಕಿಂಗ್. ಹತ್ತಿರದ ತುದಿಯಿಂದ ಶುರು ಮಾಡಿ ಪ್ರತಿ ಸಲ ಫೋಕಸನ್ನು ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಸರಿಸುತ್ತಾ ದೂರದ ತುದಿವರೆಗೆ ಹೋಗಿ. ಐದು ಮಿಲಿಮೀಟರ್ ಎತ್ತರಕ್ಕೆ ಹನ್ನೆರಡು ಹದಿಮೂರು ಫೋಟೋ ಆಗುತ್ತವೆ. ಫೋನಿನಲ್ಲಾದರೆ ಪ್ರೋ ಮೋಡ್‌ನಲ್ಲಿ ಫೋಕಸ್ ಪಟ್ಟಿಯನ್ನು ಒಂದೊಂದು ಗೆರೆ ಸರಿಸುವುದು, ಐದಾರು ಫೋಟೋ ಸಾಕು. ಆಮೇಲೆ ಫೋಟೋಶಾಪ್, ಹೆಲಿಕಾನ್ ಫೋಕಸ್ ಅಥವಾ ಜೆರೀನ್ ಸ್ಟ್ಯಾಕರ್ ಥರದ ತಂತ್ರಾಂಶಗಳಿಗೆ ಕೊಟ್ಟರೆ ಅವು ಪ್ರತಿಯೊಂದರಿಂದ ಸ್ಪಷ್ಟವಾದ ಭಾಗ ಮಾತ್ರ ಆರಿಸಿ ಒಂದು ಮಾಡುತ್ತವೆ. ನಡುವೆ ಬೆಳಕು ಬದಲಾಗಬಾರದು. ಮೋಡ ಬಂದು ಹೋಗುವ ದಿನ ಕಿಟಕಿ ನಂಬಿ ಸ್ಟ್ಯಾಕ್ ಮಾಡಲು ಕೂರಬೇಡಿ, ಲ್ಯಾಂಪ್ ಬಳಸಿ.

ಒಂದು ಬೀಜಕ್ಕೆ ಕನಿಷ್ಠ ಮೂರು ನೋಟ ತೆಗೆಯಿರಿ: ಮುಖ, ಬೆನ್ನು, ಅಂಚು. ಅಂಚಿನಿಂದ ತೆಗೆದದ್ದನ್ನು ಎಲ್ಲರೂ ಬಿಡುತ್ತಾರೆ, ಆದರೆ ಮಹಾಗನಿಯ ರೆಕ್ಕೆ ಒಂದು ಅಂಚಿನಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಅನ್ನುವುದು ಅದರಲ್ಲೇ ಕಾಣುವುದು. ಒಂದು ಫೋಟೋದಲ್ಲಿ ಅಳತೆ ಇರಲಿ, ಸ್ಕೇಲ್ ಅಥವಾ ಗ್ರಾಫ್ ಹಾಳೆ. ನಾಣ್ಯ ಇಡುವುದು ನಮ್ಮಲ್ಲಿ ರೂಢಿ, ಆದರೆ ಒಂದು ರೂಪಾಯಿ ನಾಣ್ಯವನ್ನು ನಂಬಬೇಡಿ, 25, 22, 20 ಮಿಲಿಮೀಟರ್ ಹೀಗೆ ಮೂರು ಅಳತೆಯವು ಕೈಗೆ ಬರುತ್ತವೆ. ಹತ್ತು ರೂಪಾಯಿಯದ್ದು 27 ಮಿಲಿಮೀಟರ್, ಅದು ಪರವಾಗಿಲ್ಲ. ಅಳತೆಯೂ ಬೀಜವೂ ಒಂದೇ ಎತ್ತರದಲ್ಲಿ ಇರಬೇಕು, ಸ್ಕೇಲ್ ಕೆಳಗೆ, ಬೀಜ ಸೂಜಿಯ ಮೇಲೆ ಇದ್ದರೆ ಅಳತೆ ಸುಳ್ಳಾಗುತ್ತದೆ.

ಹಾರಿಸಿ ನೋಡುವುದು

ಸುಮ್ನೆ ಇಟ್ಟು ತೆಗೆದರೆ ಅರ್ಧ ಮಜಾ. ಫೋನಿನ ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು, ಮನೆಯಲ್ಲಿ ಒಬ್ಬರಿಗೆ ಮಹಡಿ ಮೆಟ್ಟಿಲ ಮೇಲಿಂದ ಮಹಾಗನಿ ಬೀಜ ಬಿಡಲು ಹೇಳಿ. ಎರಡು ಸೆಕೆಂಡಿನ ಇಳಿತ ಅಂದರೆ 480 ಫ್ರೇಮ್, ಸೆಕೆಂಡಿಗೆ 30ರಂತೆ ಓಡಿಸಿದರೆ 16 ಸೆಕೆಂಡಿನ ವಿಡಿಯೋ. ಮೊದಲು ಬೀಜ ಕಲ್ಲಿನ ಹಾಗೆ ನೇರ ಬೀಳುತ್ತದೆ, ಸ್ವಲ್ಪ ಇಳಿದ ಮೇಲೆ ಭಾರದ ತುದಿ ನಡುವೆ ನಿಂತು ರೆಕ್ಕೆ ಸುತ್ತ ತಿರುಗಲು ಶುರು ಮಾಡುತ್ತದೆ, ಆಗ ವೇಗ ಇಳಿಯುತ್ತದೆ. ದಪ್ಪ ಅಂಚು ಮುಂದೆ, ತೆಳು ಅಂಚು ಹಿಂದೆ. ಮೇಪಲ್ ಬೀಜಗಳ ಮೇಲೆ ಮಾಡಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೀಗೆ ತಿರುಗುವ ರೆಕ್ಕೆಯ ಮುಂದಿನ ಅಂಚಿನ ಮೇಲೆ ಪುಟ್ಟ ಸುಳಿಗಾಳಿ ಏಳುತ್ತದೆ, ಅದೇ ಬೀಜವನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ ಅಂತ ಕಂಡುಬಂತು. ಕೀಟಗಳು, ಬಾವಲಿಗಳು ಹಾರುವಾಗಲೂ ಇದೇ ಸುಳಿ ಏಳುತ್ತದೆ.

ಜಕರಂಡಾ ಬೀಜವನ್ನು ಮೇಲಿಂದ ಕೆಳಗೆ ಬಿಟ್ಟು ನೋಡಿ, ಅದು ಹೀಗೆ ತಿರುಗುವುದಿಲ್ಲ, ಒಣ ಎಲೆಯ ಹಾಗೆ ಆ ಕಡೆ ಈ ಕಡೆ ಓಲಾಡುತ್ತಾ ಬರುತ್ತದೆ. ಬೀಜ ಎಲ್ಲಿ ಕೂತಿದೆ ಅನ್ನುವುದರ ಮೇಲೆ ನಡಿಗೆ ಬದಲಾಗುತ್ತದೆ.

ಇದನ್ನು ಬಿಸಿಲಿನಲ್ಲೇ ಮಾಡಿ. ಒಂದೊಂದು ಫ್ರೇಮಿಗೆ ಸಿಗುವ ಸಮಯ ಸೆಕೆಂಡಿನ 240ನೇ ಒಂದು ಭಾಗಕ್ಕಿಂತ ಕಡಿಮೆ, ಮನೆಯೊಳಗೆ ಅಷ್ಟು ಬೆಳಕು ಇರುವುದಿಲ್ಲ. ಜೊತೆಗೆ ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಸ್ಲೋ ಮೋಷನ್‌ನಲ್ಲಿ ಅದು ದೀಪಾವಳಿ ಸರದ ಹಾಗೆ ಕಾಣುತ್ತದೆ. ಹಿಂದೆ ಕಪ್ಪು ಬಟ್ಟೆ ಅಥವಾ ನೆರಳಿನ ಗೋಡೆ ಇರಲಿ. ಫೋಕಸನ್ನು ಬೀಜ ಬೀಳುವ ಜಾಗದಲ್ಲಿ ಒಂದು ಕೋಲು ನಿಲ್ಲಿಸಿ ಅದರ ಮೇಲೆ ಲಾಕ್ ಮಾಡಿ, ಆಮೇಲೆ ಕೋಲು ತೆಗೆಯಿರಿ. ಹತ್ತು ಸಲ ಬಿಟ್ಟರೆ ಎರಡು ಸಲ ಚೌಕಟ್ಟಿನೊಳಗೆ ಬೀಳುತ್ತದೆ. ಬಿಡುವವರಿಗೆ ಕಾಫಿ ಕೊಡುವುದನ್ನು ಮರೆಯಬೇಡಿ.

ಹೆಸರು ಇನ್ನೂ ಗೊತ್ತಾಗದಿದ್ದರೆ ಗಿಡ, ಪ್ರಾಣಿಗಳ ಫೋಟೋ ಹಾಕಿ ಹೆಸರು ಕೇಳುವ ಜಾಲತಾಣಗಳಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ನಲ್ಲಿ ಎಲ್ಲ ಫೋಟೋಗಳನ್ನು ಒಟ್ಟಿಗೆ ಹಾಕಿ, ಮುಖ, ಅಂಚು, ಅಳತೆ, ಕಾಯಿ, ಮರ. ಬರೀ ಬೀಜದ ಚೆಂದದ ಫೋಟೋ ಒಂದನ್ನು ಹಾಕಿದರೆ ಲೈಕ್ ಬರುತ್ತದೆ, ಹೆಸರು ಬರುವುದಿಲ್ಲ.

ಕೆಲಸ ಮುಗಿದ ಮೇಲೆ ನುಗ್ಗೆ, ಹೊನ್ನೆ, ತಪಸಿ ಬೀಜಗಳನ್ನು ಹಿತ್ತಲಿಗೆ ಎಸೆದರೂ ತೊಂದರೆಯಿಲ್ಲ, ಹುಟ್ಟಿದರೆ ಹುಟ್ಟಲಿ. ನೀರುಕಾಯಿ ಬೀಜವನ್ನು ಮಾತ್ರ ಹೊರಗೆ ಬಿಡಬೇಡಿ, ಅದರಲ್ಲೂ ಮಲೆನಾಡಿನವರು. ಆಫ್ರಿಕಾದಿಂದ ಬಂದ ಈ ಮರ ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ, ಒಂದು ಕಾಯಿಯಲ್ಲಿ ನೂರಾರು ಬೀಜ. ಕವರ್‌ಗೆ ಹಾಕಿ, ಬಾಯಿ ಮಡಚಿ, ಕಸದ ಗಾಡಿಗೆ ಕೊಟ್ಟುಬಿಡಿ. ಸೋಫಾ ಕೆಳಗೆ ಹೋದದ್ದನ್ನೂ ಹುಡುಕಿ ಹಾಕಿ.